ಸೀಸದ ಮೀನು ಎರೆದ ಮನೆ

ಎಮ್ಮೆಯ ಹಾಲು ಬತ್ತುವುದು ಯಾವ ಮನೆಗೂ ಹೊಸದಲ್ಲ. ಮೇವು ಬದಲಾದರೆ ಬತ್ತುತ್ತದೆ, ಬಿಸಿಲು ಹೆಚ್ಚಾದರೆ ಬತ್ತುತ್ತದೆ, ಕೆಟ್ಟ ಕಣ್ಣು ಬಿದ್ದರೂ ಬತ್ತುತ್ತದೆ ಅನ್ನುವವರಿದ್ದಾರೆ. ರಬಕವಿಯ ನೇಕಾರ ಓಣಿಯ ಬನಶಂಕರಿಯೂ ಮೊದಲು ಹಾಗೇ ಅಂದುಕೊಂಡಳು. ಹಿಂಡಿ ಬದಲಿಸಿದಳು. ನೆರಳಿಗೆ ಕಟ್ಟಿದಳು. ಆದರೆ ಅವತ್ತು ಮಧ್ಯಾಹ್ನ ಮುಸುರೆ ಬಕೆಟ್ ಹಿಡಿದು ಹಿತ್ತಲಿಗೆ ಹೋದಾಗ ಎಮ್ಮೆ ಗೋಡೆಗೆ ಹಣೆ ಒತ್ತಿಕೊಂಡು ನಿಂತಿತ್ತು.

ತುರಿಸಿಕೊಳ್ಳುತ್ತಿರಲಿಲ್ಲ. ಹಾಯುತ್ತಲೂ ಇರಲಿಲ್ಲ. ಗೋಡೆ ಇಂದಲ್ಲ ನಾಳೆ ದಾರಿ ಬಿಟ್ಟೀತು ಅನ್ನುವಂತೆ ನಾಲ್ಕೂ ಕಾಲು ಊರಿ ಸುಮ್ಮನೆ ಒತ್ತುತ್ತಿತ್ತು. ಹಣೆಯ ತೊಗಲು ಕಿತ್ತು ರಕ್ತ ಜಿನುಗಿತ್ತು. ಬನಶಂಕರಿ ಅದರ ಕಣ್ಣ ಮುಂದೆ ಕೈ ಆಡಿಸಿದಳು. ರೆಪ್ಪೆ ಮಿಟುಕಲಿಲ್ಲ. ಹಲ್ಲು ಮಾತ್ರ ಕರಕರ ಅನ್ನುತ್ತಿದ್ದವು, ಕಾಳಿಲ್ಲದ ಬೀಸುಕಲ್ಲು ತಿರುಗಿಸಿದ ಹಾಗೆ.

"ಅತ್ತಿ, ಸ್ವಲ್ಪ ಬರ್ರಿಲ್ಲೆ!" ಎಂದು ಕೂಗಿದಳು.

ಅತ್ತೆ ಲಗಮವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. ನೋಡಿದವಳೇ ಎರಡು ಹೆಜ್ಜೆ ಹಿಂದೆ ಸರಿದಳು.

"ಯಾವ ಗ್ವಾಡಿಗೆ ಹಣಿ ಹಚ್ಚೇತಿ ನೋಡಿದ್ಯಾ?" ಎಂದಳು ಮೆಲ್ಲಗೆ.

ಆ ಗೋಡೆಯ ಆಚೆಗಿದ್ದದ್ದು ಮಗ್ಗದ ಕೋಣೆ. ಅವತ್ತು ಕೆಲಸಕ್ಕೆ ರಜೆ; ಒಳಗೆ ಬನಶಂಕರಿಯ ಗಂಡ ಗಂಗಾರಾಮ ಸೀಸ ಕಾಯಿಸುತ್ತಿದ್ದ.

ಇದು ಎಂಬತ್ತರ ದಶಕದ ಮಾತು. ಪವರ್‌ಲೂಮ್ ಬಂದು ಕೈಮಗ್ಗಗಳು ಒಂದೊಂದಾಗಿ ಸುಮ್ಮನಾಗುತ್ತಿದ್ದವು. ಲಗಮವ್ವನ ಮಗ್ಗವೂ ನಿಂತಿತ್ತು. ಗಂಗಾರಾಮ ಬನಹಟ್ಟಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದ. ಕೈಚಳಕದ ಮನುಷ್ಯ. ಏನು ಕಂಡರೂ ಬಿಚ್ಚಿ ನೋಡಬೇಕು, ತಾನೂ ಒಂದು ಮಾಡಬೇಕು.

ಅವನ ಗೆಳೆಯ ಪಾಂಡಪ್ಪ ಹಿಪ್ಪರಗಿ ಕಡೆ ಕೃಷ್ಣಾ ಹೊಳೆಯಲ್ಲಿ ಬಲೆ ಬೀಸುವ ಅಂಬಿಗ. ಒಂದು ಸಲ ಅವನ ಬಲೆಗೆ ಬೆರಳುದ್ದದ ಲೋಹದ ಮೀನು ಸಿಕ್ಕಿತು. ಕಣ್ಣು, ಹುರುಪೆ, ಬಾಲ ಎಲ್ಲ ಇತ್ತು. ಹೊಟ್ಟೆಯ ಕೆಳಗೆ ಗಾಳವೂ ಇತ್ತು. ಸಾಂಗಲಿ ಕಡೆಯಿಂದ ಮೋಜಿಗೆ ಮೀನು ಹಿಡಿಯಲು ಬರುವವರು ಕಳೆದುಕೊಂಡದ್ದು. ದಾರಕ್ಕೆ ಕಟ್ಟಿ ದೂರ ಎಸೆದು ಎಳೆದರೆ ಅದು ನೀರಿನಲ್ಲಿ ಹೊಯ್ದಾಡುತ್ತದೆ. ನಿಜವಾದ ಮೀನೆಂದು ದೊಡ್ಡ ಮೀನು ಬಾಯಿ ಹಾಕುತ್ತದೆ.

ಗಂಗಾರಾಮ ಅದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದ. "ಇದನ್ನ ನಾನೂ ಮಾಡ್ತೇನಲೇ," ಎಂದ.

ಪಾಂಡಪ್ಪನಿಗೆ ಸರಿ ಬರಲಿಲ್ಲ. "ಖರೆ ಮೀನ ಹೊಳೆವ್ವ ಹಡಿತಾಳ. ಸುಳ್ಳ ಮೀನ ನೀ ಹಡಿಯಾಂವ. ಆಕಿ ಜೋಡಿ ಯಾಕ ಪಂಥ?"

ಗಂಗಾರಾಮ ನಕ್ಕುಬಿಟ್ಟ. ಹಿತ್ತಾಳೆಯ ತುಂಡುಗಳನ್ನು ಕಾನಸಿನಿಂದ ಉಜ್ಜಿ ಉಜ್ಜಿ ಮೀನು ಮಾಡಿದ. ಮಹಾಲಿಂಗಪುರದಲ್ಲಿ ಲಾರಿ ಟೈರಿಗೆ ಹೊಸ ರಬ್ಬರು ಕೂಡಿಸುವ ಅಂಗಡಿಯಿತ್ತು. ಅಲ್ಲಿ ಹಸಿ ರಬ್ಬರಿನ ಎರಡು ಬಿಲ್ಲೆಗಳ ನಡುವೆ ಆ ಮೀನುಗಳನ್ನಿಟ್ಟು ಕಾಯಿಸಿ ಒತ್ತಿಸಿಕೊಂಡು ಬಂದ. ಬಿಲ್ಲೆ ಬಿಚ್ಚಿದರೆ ಒಳಗೆ ಮೀನಿನ ಅಚ್ಚು ಸುತ್ತಲೂ ಮೂಡಿತ್ತು. ತಾಯಿಯ ನೂಲಿನ ರಾಟಿಯನ್ನು ತಂದು ಅದರ ಚಕ್ರಕ್ಕೆ ಪಟ್ಟಿ ಕಟ್ಟಿದ. ಚಕ್ರ ತಿರುಗಿಸಿದರೆ ನಿಲುವಾಗಿ ನಿಂತ ಕಬ್ಬಿಣದ ಕೀಲಿನ ಮೇಲೆ ಅಚ್ಚು ಗಿರಗಿರ ತಿರುಗಬೇಕು. ತಿರುಗುವ ಅಚ್ಚಿನ ನಡುವಿನ ತೂತಿಗೆ ಕರಗಿದ ಸೀಸ ಹೊಯ್ದರೆ ಅದು ಅಂಚಿಗೆ ಓಡಿ ಬಾಲದ ತುದಿಯವರೆಗೂ ಹೊಕ್ಕು ತುಂಬುತ್ತದೆ.

ಮೊದಲ ಸಲ ರಾಟಿ ತಿರುಗಿಸಿದ್ದು ಬನಶಂಕರಿ. ಅಚ್ಚು ಬಿಚ್ಚಿದಾಗ ಮೀನುಗಳೆಲ್ಲ ಸುತ್ತುಗಟ್ಟಿ, ಮೂತಿ ಒಳಗೆ ಮಾಡಿ ಮಲಗಿದ್ದವು. ಎಲ್ಲದರ ಕಣ್ಣುಗಳೂ ನಡುವಿನ ಒಂದೇ ಜಾಗವನ್ನು ನೋಡುತ್ತಿದ್ದವು.

"ಏನ ನೋಡಾಕತ್ತಾವ್ರಿ ಇವು?" ಎಂದು ಕೇಳಿದಳು.

"ನಮ್ಮ ನಸೀಬ ನೋಡಾಕತ್ತಾವ," ಎಂದ ಗಂಗಾರಾಮ.

ಸಾಂಗಲಿಯ ಅಂಗಡಿಯವನು ಎಷ್ಟು ತಂದರೂ ಬೇಕೆಂದ. ಶೆಡ್ಡಿನ ಕೆಲಸ ಮುಗಿಸಿ ಬಂದು ಗಂಗಾರಾಮ ಮಗ್ಗದ ಕೋಣೆ ಸೇರತೊಡಗಿದ. ಯಾರಾದರೂ ನೋಡಿ ಕಲಿತಾರೆಂದು ಕಿಟಕಿ ಮುಚ್ಚಿದ. ಗುಜರಿಯಿಂದ ಹಳೆಯ ಲಾರಿ ಬ್ಯಾಟರಿ ತಂದು ಅಲ್ಲೇ ಒಡೆದ. ಅದರೊಳಗಿನ ಸೀಸದ ತಟ್ಟೆಗಳನ್ನು ಅಲ್ಲೇ ಕರಗಿಸಿದ. ತೆಳ್ಳನೆಯ ಬಾಲಕ್ಕೂ ಹರಿಯಲೆಂದು ಪಾತ್ರೆ ಕೆಂಪಗಾಗುವ ತನಕ ಕಾಯಿಸಿದ. ಮೇಲೆ ತೇಲುವ ಬೂದಿಯಂಥ ಕಿಟ್ಟವನ್ನು ತೆಗೆದು ತಿಪ್ಪೆಗೆ ಚೆಲ್ಲಿದ. ತಿಪ್ಪೆಯ ಪಕ್ಕದಲ್ಲೇ ಎಮ್ಮೆಯ ಗೂಟ. ಕೋಣೆಗೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲದ ಬರೀ ಚೌಕಟ್ಟು. ಬನಶಂಕರಿ ಬಸಿರಿಯಾದಳು, ಆದರೂ ರಾಟಿ ತಿರುಗಿಸುವುದನ್ನು ಬಿಡಲಿಲ್ಲ.

ಆಮೇಲೆ ಮನೆಯಲ್ಲಿ ಒಂದೊಂದೇ ಶುರುವಾಯಿತು.

ಮೊದಲು ಬೆಕ್ಕು. ಒಲೆಯ ಬೂದಿಯಲ್ಲಿ ಮಲಗುತ್ತಿದ್ದ ಬೆಕ್ಕು ಒಂದು ಬೆಳಿಗ್ಗೆ ಅಂಗಳದ ನಡುವೆ ತನ್ನ ಸುತ್ತ ತಾನೇ ತಿರುಗತೊಡಗಿತು. ಬಾಲ ಹಿಡಿಯುವ ಆಟವಲ್ಲ. ಕತ್ತು ಒಂದೇ ಕಡೆಗೆ ಸೊಟ್ಟಗಾಗಿತ್ತು. ತಿರುಗಿ ತಿರುಗಿ ಬಿದ್ದು ಸೆಟೆದು ಸತ್ತಿತು. ಪಕ್ಕದ ಮನೆಯ ಸಾವಿತ್ರೆವ್ವ ಗೋಡೆಯ ಮೇಲಿಂದ ನೋಡಿ, "ಥೇಟ್ ನಿಮ್ಮ ರಾಟಿ ತಿರಿಗಿದಂಗ ತಿರಗತಲ್ಲವಾ," ಎಂದಳು. ಆ ಮಾತು ಬನಶಂಕರಿಯ ಎದೆಯಲ್ಲಿ ಉಳಿಯಿತು.

ಆಮೇಲೆ ಗಂಗಾರಾಮ. "ನೀರಿಗೆ ಬೆಲ್ಲ ಹಾಕೀಯೇನ?" ಎಂದು ಕೇಳಿದ. ಹಾಕಿರಲಿಲ್ಲ. ಅವನ ಬಾಯಲ್ಲಿ ಎಲ್ಲವೂ ಸಿಹಿ. ಸಾರೂ ಸಿಹಿ, ತಾನು ನುಂಗಿದ ಉಗುಳೂ ಸಿಹಿ. ನಡುನಡುವೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಮುದುರಿ ಬೀಳುತ್ತಿದ್ದ. ಎದ್ದ ಮೇಲೆ ಕಾರಣವಿಲ್ಲದೆ ಬೈಯುತ್ತಿದ್ದ, ಕಾರಣವಿಲ್ಲದೆ ನಗುತ್ತಿದ್ದ. ಒಂದು ದಿನ ಹೆಂಡತಿಯ ಮುಖ ನೋಡುತ್ತ ನಿಂತ. ಅವಳ ಹೆಸರು ಬಾಯಿಗೆ ಬರಲಿಲ್ಲ.

ಇನ್ನೊಂದು ದಿನ ಅಂಗಳದ ಬಿಸಿಲಿನಲ್ಲಿ ಅವನು ಜೋರಾಗಿ ನಕ್ಕ. ಬನಶಂಕರಿಗೆ ಅವನ ವಸಡು ಕಂಡಿತು. ಹಲ್ಲಿನ ಬುಡಕ್ಕೆ ಉದ್ದಕ್ಕೂ ನೀಲಿ ಗೆರೆ. ಯಾರೋ ಸೂಜಿಯಿಂದ ಹಚ್ಚೆ ಹೊಯ್ದ ಹಾಗೆ.

ಅವಳು ಅತ್ತೆಗೆ ಹೇಳಿದಳು. ಲಗಮವ್ವ ಮಗನ ಬಾಯಿ ನೋಡಿ ಬಂದು ದೇವರ ಮುಂದೆ ಕೂತುಬಿಟ್ಟಳು. "ಪಾಂಡ್ಯಾ ಹೇಳಿದ್ದು ಖರೆ ಆತು. ಹೊಳೆವ್ವ ಗುರುತ ಹಾಕ್ಯಾಳ." ಚೌಕಟ್ಟಿಗೆ ಬೇವಿನ ಸೊಪ್ಪು ಕಟ್ಟಿದಳು, ನಿಂಬೆಹಣ್ಣು ಕಟ್ಟಿದಳು.

"ಏನ ಹುಚ್ಚ ಹಿಡದೈತೇನ ಬೇ ನಿಂಗ?" ಎಂದ ಗಂಗಾರಾಮ. ಒಲೆ ಆರಿಸಲಿಲ್ಲ.

ಈಗ ಎಮ್ಮೆ. ಅದೂ ಕುರುಡಾಗಿ, ಬೇರೆ ಯಾವ ಗೋಡೆಯೂ ಸಿಗಲಿಲ್ಲವೆಂಬಂತೆ ಅದೇ ಗೋಡೆಗೆ ಹಣೆಯೊತ್ತಿ ನಿಂತಿತ್ತು.

ಲಗಮವ್ವ ಇನ್ನು ತಡೆಯಲಿಲ್ಲ. ಬನಶಂಕರಿ ಎಮ್ಮೆಯನ್ನು ಗೋಡೆಯಿಂದ ಬಿಡಿಸಲು ಹಗ್ಗ ಎಳೆಯುತ್ತಿದ್ದಾಗ, ಅವಳು ದೇವರ ಜಗುಲಿಯಿಂದ ಕೃಷ್ಣೆಯ ನೀರಿನ ತಂಬಿಗೆ ತೆಗೆದುಕೊಂಡು ಮಗ್ಗದ ಕೋಣೆಗೆ ಹೋದಳು. ಹೊಳೆಯ ನೀರು ಚಿಮುಕಿಸಿದರೆ ಹೊಳೆಯ ಸಿಟ್ಟು ತಣ್ಣಗಾದೀತು ಅನ್ನುವುದು ಅವಳ ಆಸೆ. ಗಂಗಾರಾಮ ಬಗ್ಗಿ, ಸೀಸ ಅಂಟದಿರಲೆಂದು ಅಚ್ಚಿಗೆ ಪೌಡರ್ ಹಚ್ಚುತ್ತಿದ್ದ. ಅವನು ತಲೆ ಎತ್ತುವುದರೊಳಗೆ ಲಗಮವ್ವ ಕೈತುಂಬ ನೀರನ್ನು ಕಾದ ಸೀಸದ ಮೇಲೆ ಎರಚಿದಳು.

ಹಿತ್ತಲಲ್ಲಿದ್ದ ಬನಶಂಕರಿಗೆ ಮೊದಲು ಕೇಳಿದ್ದು ಚೀರಾಟ. ಮನುಷ್ಯರದ್ದಲ್ಲ, ಪಾತ್ರೆಯದ್ದು. ಮರುಕ್ಷಣ ಡಬ್ ಅಂತ ಸದ್ದಾಯಿತು. ಅವಳು ಓಡಿ ಬಂದಾಗ ಸೀಸ ಬೆಳ್ಳಿಯ ಹನಿಗಳಾಗಿ ಗೋಡೆ, ಜಂತೆ, ರಾಟಿ ಎಲ್ಲದಕ್ಕೂ ಅಂಟಿತ್ತು. ಗಂಗಾರಾಮ ಸುಟ್ಟ ಮುಂಗೈ ಹಿಡಿದು ಕುಣಿಯುತ್ತಿದ್ದ. ಲಗಮವ್ವನ ಸೆರಗಿನಲ್ಲಿ ತೂತುಗಳು ಹೊಗೆಯಾಡುತ್ತಿದ್ದವು. ಮುದುಕಿಗೆ ಮೈಗೇನೂ ಆಗಿರಲಿಲ್ಲ. ಆದರೆ ಗೋಡೆಗೊರಗಿ ಒಂದೇ ಮಾತು ಅನ್ನುತ್ತಿದ್ದಳು:

"ನನ್ನ ನೀರ ಒಲ್ಲೆ ಅಂದ್ಲು. ನನ್ನ ನೀರ ಒಲ್ಲೆ ಅಂದ್ಲು."

ಅವತ್ತು ಗಂಗಾರಾಮನಿಗೂ ಭಯ ಹುಟ್ಟಿತು.

ಬನಶಂಕರಿ ಸಾವಿತ್ರೆವ್ವನ ಮಗಳನ್ನು ಕಳಿಸಿ ದನದ ಡಾಕ್ಟರನ್ನು ಕರೆಸಿದಳು. ಅನಂತರಾವ ಡಾಕ್ಟರು ಜಮಖಂಡಿಯವರು. ಸೈಕಲ್ಲಿನ ಮೇಲೆ ಊರೂರು ತಿರುಗುವವರು. ಬರುವಷ್ಟರಲ್ಲಿ ಎಮ್ಮೆ ನೆಲಕ್ಕೆ ಬಿದ್ದು ಕಾಲು ಝಾಡಿಸುತ್ತಿತ್ತು. ಅವರು ಕಣ್ಣಿನ ರೆಪ್ಪೆ ಬಿಡಿಸಿದರು, ಹಲ್ಲಿನ ಸದ್ದು ಕೇಳಿದರು, ಗೋಡೆಯ ಮೇಲಿನ ರಕ್ತ ನೋಡಿದರು. ಕೊಟ್ಟ ಸೂಜಿಮದ್ದು ಹತ್ತುವ ಮೊದಲೇ ಎಮ್ಮೆ ಪ್ರಾಣ ಬಿಟ್ಟಿತು.

"ಇದನ್ನ ಹೂಳಬ್ಯಾಡ್ರಿ. ನಾನು ಒಳಗ ನೋಡಬೇಕಾಗ್ಯದ," ಎಂದರು.

ಊರ ಹೊರಗಿನ ಬಯಲಿಗೆ ಎಮ್ಮೆಯನ್ನು ಎಳೆಸಿದರು. ಓಣಿಯ ಅರ್ಧ ಜನ ಹಿಂದೆ ಹೋಯಿತು, ಪಾಂಡಪ್ಪನೂ ಇದ್ದ. ಬನಶಂಕರಿಯನ್ನು ಬರಬೇಡ ಅಂದರು. ಅವಳು ಕೇಳಲಿಲ್ಲ, ದೂರದಲ್ಲಿ ಜಾಲಿ ಮರದ ಕೆಳಗೆ ನಿಂತಳು. ಗಾಳಿಯಿರಲಿಲ್ಲ. ಕಾಗೆ ಒಂದೂ ಬಂದಿರಲಿಲ್ಲ.

ಡಾಕ್ಟರು ಹೊಟ್ಟೆ ಸೀಳಿ, ಒಳಚೀಲದಲ್ಲಿ ಮೊಣಕೈ ತನಕ ಕೈಯಿಟ್ಟು ಹುಡುಕಿದರು. ಕೈ ಹೊರಗೆ ಬಂತು. ಅಂಗೈಯಲ್ಲಿ ಬೂದುಬಣ್ಣದ ಚೂರುಗಳು, ಕಿಟ್ಟ. ಅವುಗಳ ನಡುವೆ ಒಂದು ಮೀನು. ಬಾಲ ಅರ್ಧ ಮುರಿದಿತ್ತು. ಹೊಟ್ಟೆಯೊಳಗೆ ತಿಕ್ಕಿ ತಿಕ್ಕಿ ಕಣ್ಣು ಮಾತ್ರ ಹೊಳೆಯುತ್ತಿತ್ತು.

ಜನ ಒಮ್ಮೆಗೇ ಹಿಂದೆ ಸರಿದರು. "ಎಮ್ಮಿ ಹೊಟ್ಯಾಗ ಮೀನ!" ಎಂದು ಯಾರೋ ಕೂಗಿದರು. ಲಗಮವ್ವ ನೆಲಕ್ಕೆ ಹಣೆ ಹಚ್ಚಿದಳು. "ತಾಯಿ, ತಪ್ಪಾತು. ಹೊಟ್ಯಾಗ ಹೊಕ್ಕಿಯಲ್ಲ ತಾಯಿ. ನಮ್ಮ ಹುಡಿಗಿ ಹೊಟ್ಟಿ ಬಿಡು."

ಬನಶಂಕರಿಯ ಕೈ ತಾನಾಗಿ ತನ್ನ ಹೊಟ್ಟೆಯ ಮೇಲೆ ಹೋಯಿತು.

ಅನಂತರಾವ ಡಾಕ್ಟರು ಕೈ ತೊಳೆದುಕೊಂಡು ಎದ್ದು ಬಂದರು. ಗಂಗಾರಾಮನ ಮುಂದೆ ನಿಂತರು.

"ಏನಪಾ, ಇದು ನಿಂದೇನು?"

"ಹೌದ್ರಿ. ಬಾಲ ಮುರದಿದ್ದು. ಕಸದಾಗ ಹೋಗಿರಬೇಕ್ರಿ."

"ಕಸ ಎಲ್ಲಿ ಚೆಲ್ಲತೀ?"

"ತಿಪ್ಪಿಗೆ."

"ಎಮ್ಮಿ ಎಲ್ಲಿ ಕಟ್ಟತೀ?"

ಗಂಗಾರಾಮ ತಿರುಗಿ ಸೀಳಿದ ಎಮ್ಮೆಯನ್ನು ನೋಡಿದ.

"ಬಾಯಿ ತಗಿ," ಎಂದರು ಡಾಕ್ಟರು. ದನಕ್ಕೆ ಹೇಳುವ ಹಾಗೇ ಹೇಳಿದರು. ಗಂಗಾರಾಮ ಬಾಯಿ ತೆಗೆದ. ಅವರು ತುಟಿ ಎತ್ತಿ ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ದನಿ ಬದಲಾಯಿತು. "ಮುಂಗೈ ಮುಂದ ಚಾಚು. ಮ್ಯಾಲೆ ಎತ್ತು." ಗಂಗಾರಾಮ ಸುಟ್ಟಿರದ ಬಲಗೈಯನ್ನು ಚಾಚಿದ. ಕೈ ಚಾಚಿತು. ಮಣಿಕಟ್ಟು ಮಾತ್ರ ಮೇಲೇಳಲಿಲ್ಲ. ಬಾಡಿದ ಎಲೆಯ ಹಾಗೆ ಕೆಳಗೆ ಜೋತುಬಿತ್ತು. ಅವನೇ ಅದನ್ನು ಅಷ್ಟು ಸ್ಪಷ್ಟವಾಗಿ ನೋಡಿದ್ದು ಅವತ್ತೇ.

"ಎಮ್ಮಿ ನುಂಗಿದ್ದನ್ನೇ ನೀನೂ ನುಂಗೀದಿ. ಅದು ಬಾಯಿಂದ, ನೀ ಮೂಗಿನಿಂದ," ಎಂದರು ಡಾಕ್ಟರು. "ಸೀಸ ವಿಷ ಅದ. ಮೈಯಾಗ ಹೊಕ್ಕರ ನರ ತಿಂತದ, ರಕ್ತ ತಿಂತದ."

"ಸೀಸ ಅಂದ್ರ ಕಲ್ಲಿನಂಗ ವಜ್ಜಿ ಇರತೈತ್ರಿ," ಎಂದ ಗಂಗಾರಾಮ. "ಅದು ಹಾರಿ ಮೂಗಿನ್ಯಾಗ ಹ್ಯಾಂಗ ಬಂದೀತು?"

"ನಿಮ್ಮ ಮನೀಗೆ ನಡಿ."

ಮಗ್ಗದ ಕೋಣೆಯಲ್ಲಿ ಡಾಕ್ಟರು ಏನನ್ನೂ ಮುಟ್ಟಲಿಲ್ಲ. ಅಡುಗೆಮನೆಯ ಚೌಕಟ್ಟಿನಲ್ಲಿ ನಿಂತು ಒದ್ದೆ ಮಾಡಿದ ಬಿಳಿ ಕರವಸ್ತ್ರ ತೆಗೆದು ಲಗಮವ್ವನ ಕೈಗೆ ಕೊಟ್ಟರು. "ನೀವು ಕಟ್ಟಿದ ಬೇವಿನಸೊಪ್ಪು ಒರಸ್ರಿ, ತಾಯಿ." ಲಗಮವ್ವ ಒರೆಸಿದಳು. ಬಟ್ಟೆ ಬೂದುಬಣ್ಣವಾಯಿತು. "ಈಗ ಆ ರೊಟ್ಟಿ ಬುಟ್ಟಿ." ಬೂದು. ಉಪ್ಪಿನ ಗಡಿಗೆಯ ಮುಚ್ಚಳ, ಮೊಸರಿನ ನೆಲುವು, ತೊಟ್ಟಿಲು ಕಟ್ಟಲೆಂದು ತೊಳೆದಿಟ್ಟ ಹಗ್ಗ. ಎಲ್ಲ ಬೂದು.

"ಬರೀ ಒಲಿ ಬೂದಿ ಆಗಿರಬೇಕು," ಎಂದಳು ಲಗಮವ್ವ, ಆದರೆ ದನಿಯಲ್ಲಿ ಬಲವಿರಲಿಲ್ಲ.

"ಒಲಿ ಬೂದಿನೂ ಇದ್ದೀತು. ಆದರ ಒಲಿ ಬೂದಿಗೆ ಎಮ್ಮಿ ಕುರುಡಾಗೂದಿಲ್ಲ, ಮಗನ ವಸಡು ನೀಲಿ ಆಗೂದಿಲ್ಲ. ಕೆಂಪಗ ಕಾದ ಸೀಸದಿಂದ ಕಣ್ಣಿಗೆ ಕಾಣದ ಹೊಗಿ ಏಳತದ, ಕಿಟ್ಟದ ಧೂಳು ಹಾರತದ. ಕಿಟಕಿ ಮುಚ್ಚೀರಿ, ಅದು ಎಲ್ಲಿ ಹೋಗಬೇಕು? ರೊಟ್ಟಿ ಮ್ಯಾಲೆ ಕೂತದ. ಅದನ್ನ ತಿಂದೀರಿ."

"ಮತ್ತ ನನ್ನ ನೀರ? ಹೊಳಿ ನೀರ ಹಾಕಿದ್ರ ಯಾಕ ಸಿಡೀತ್ರಿ?"

"ಹೊಳಿ ನೀರಾಗಲಿ, ಬಾವಿ ನೀರಾಗಲಿ, ಬೆವರಿನ ಹನಿ ಆಗಲಿ, ಕರಗಿದ ಲೋಹದಾಗ ಬಿದ್ದರ ಒಮ್ಮಿಗೇ ಉಗಿಯಾಗಿ ಸಿಡೀತದ. ಹೊಳೆವ್ವಗ ನಿಮ್ಮ ಮ್ಯಾಲೆ ಏನೂ ಸಿಟ್ಟಿಲ್ಲ. ಮುಖಕ್ಕ ಸಿಡೀಲಿಲ್ಲ, ಅದೇ ಪುಣ್ಯ."

ಪಾಂಡಪ್ಪ ಬಾಗಿಲಲ್ಲಿ ನಿಂತಿದ್ದ. "ದಿನಾ ಮಹಾಲಿಂಗಪುರದ ಬೆಲ್ಲ ತಿಂದ್ರ ವಿಷ ಇಳೀತೈತಿ ಅಂತಾರಲ್ರಿ, ಸಾಹೇಬರ?"

"ಬೆಲ್ಲ ತಿನ್ನು, ಬಾಯಿಗೆ ಛಲೋ ಆಗತದ. ಸೀಸ ಇಳಿಯೂದಿಲ್ಲ," ಎಂದರು ಡಾಕ್ಟರು. ಆಮೇಲೆ ಬನಶಂಕರಿಯ ಕಡೆ ತಿರುಗಿದರು. "ನೋಡವಾ ತಂಗಿ, ನಾ ದನದ ಡಾಕ್ಟರು. ನಿನಗ ಔಷಧ ಹೇಳಾಂವ ಅಲ್ಲ. ಆದರ ಇಷ್ಟು ಹೇಳತೇನಿ. ತಾಯಿ ಮೈಯಾಗಿನ ಸೀಸ ಕೂಸಿನ ಮೈಗೆ ಇಳೀತದ. ಇವತ್ತೇ ಮಿರಜದ ದೊಡ್ಡ ದವಾಖಾನಿಗೆ ನಡೀರಿ. ರಕ್ತ ತಪಾಸ ಮಾಡಸ್ರಿ."

ಗಂಗಾರಾಮ ಇನ್ನೂ ಏನೋ ಹೇಳಲು ಬಾಯಿ ತೆರೆದ. ಬನಶಂಕರಿ ಬಿಡಲಿಲ್ಲ. ಮದುವೆಯಾದಾಗಿನಿಂದ ಅವಳು ಗಂಡನ ಎದುರು ದನಿ ಏರಿಸಿದವಳಲ್ಲ.

"ನೀವು ಬರದಿದ್ರ ಬಿಡ್ರಿ. ನಾ ಹೊಂಟೆ. ನನ್ನ ಕೂಸು ಕಣ್ಣ ಕಾಣದಂಗಾಗಿ ಗ್ವಾಡಿಗೆ ಹಣಿ ಹಚ್ಚಿ ನಿಲ್ಲಬಾರದು."

ಲಗಮವ್ವ ಎದ್ದು ಸೊಸೆಯ ಪಕ್ಕ ನಿಂತಳು. "ನಡಿ, ನಾನೂ ಬರ್ತೇನಿ. ಲೇ ಗಂಗ್ಯಾ, ಚಪ್ಪಲಿ ಮೆಟ್ಟು."

ಮಿರಜದ ಆಸ್ಪತ್ರೆಯಲ್ಲಿ ಮೂವರ ರಕ್ತದಲ್ಲೂ ಸೀಸ ಸಿಕ್ಕಿತು. ಗಂಗಾರಾಮನದು ಹೆಚ್ಚು. ಅವನನ್ನು ಅಲ್ಲೇ ಇಟ್ಟುಕೊಂಡು ಔಷಧ ಕೊಟ್ಟರು. ಬನಶಂಕರಿ ಮನೆಗೆ ಬರಲಿಲ್ಲ. ಹೆರಿಗೆಯ ತನಕ ಚಿಮ್ಮಡದ ತವರಿನಲ್ಲಿ ಇದ್ದಳು. ಒಂದೊಂದು ಸಲ ಹೊಟ್ಟೆಯಲ್ಲಿ ಕೂಸು ಬಹಳ ಹೊತ್ತು ಸುಮ್ಮನಿರುತ್ತಿತ್ತು. ಆಗೆಲ್ಲ ಅವಳು ಕೆಲಸ ಬಿಟ್ಟು ಕೂತು, ಅದು ಮಿಸುಕುವ ತನಕ ಏಳುತ್ತಿರಲಿಲ್ಲ. ಹೆಣ್ಣು ಕೂಸು ಹುಟ್ಟಿತು. ಸಣ್ಣದಾಗಿತ್ತು. ಹುಟ್ಟಿದ ತಕ್ಷಣ ಅಳಲಿಲ್ಲ. ಆ ಸ್ವಲ್ಪ ಹೊತ್ತು ಲಗಮವ್ವನಿಗೆ ಒಂದು ಯುಗವಾಯಿತು. ಆಮೇಲೆ ಅತ್ತಿತು, ಓಣಿಗೆಲ್ಲ ಕೇಳುವಂತೆ. ದೀಪ ಆಡಿಸಿದರೆ ಕಣ್ಣು ಹೊರಳಿಸಿ ನೋಡಿತು. ದೊಡ್ಡದಾಗುವ ತನಕ ಆಗಾಗ ತೋರಿಸುತ್ತಿರಿ ಎಂದು ಮಿರಜದ ಡಾಕ್ಟರು ಹೇಳಿದರು, ತೋರಿಸಿದರು.

ಗಂಗಾರಾಮನ ವಸಡಿನ ಗೆರೆ ನಿಧಾನವಾಗಿ ಮಾಸಿತು. ಬಲ ಮಣಿಕಟ್ಟು ಪೂರ್ತಿ ಬರಲಿಲ್ಲ. ಈಗಲೂ ಚಹಾದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿಯುತ್ತಾನೆ.

ಮಗ್ಗದ ಕೋಣೆಯ ನೆಲ ಅಗೆಸಿ, ಮಣ್ಣನ್ನೂ ತಿಪ್ಪೆಯನ್ನೂ ದನ ಮೇಯದ, ನೀರು ಹರಿಯದ ದಿನ್ನೆಯಲ್ಲಿ ಆಳದ ಗುಂಡಿಗೆ ಹಾಕಿಸಿದರು. ಕಸಬರಿಗೆ ಆಡಿಸದೆ ಒದ್ದೆ ಬಟ್ಟೆಯಿಂದಲೇ ಗೋಡೆ, ಜಂತೆ ಒರೆಸಿ ಸುಣ್ಣ ಹಚ್ಚಿದರು. ಆದರೂ ಬನಶಂಕರಿ ಕೂಸನ್ನು ಆ ಕೋಣೆಯೊಳಗೆ ಬಿಡಲಿಲ್ಲ.

ಗಂಗಾರಾಮ ಮೀನು ಮಾಡುವುದನ್ನು ಬಿಟ್ಟನೆ? ಬಿಡಲಿಲ್ಲ. ಕೈಗೆ ಹತ್ತಿದ ಕಸಬು. ಆದರೆ ಮನೆಯಲ್ಲಿ ಅಲ್ಲ. ಊರ ಹೊರಗೆ ನಾಲ್ಕು ಕಡೆಯೂ ತೆರೆದ ತಗಡಿನ ಮಾಡು ಹಾಕಿಕೊಂಡ. ಸೀಸ ಬಿಟ್ಟು, ಪಾತ್ರೆಗೆ ಕಲಾಯಿ ಹಚ್ಚುವವರು ಬಳಸುವ ಚೊಕ್ಕ ತವರ ತಂದ. ತುಟ್ಟಿಯಾಯಿತು, ಮೀನು ಹಗುರಾಯಿತು. ಸಾಂಗಲಿಯವನು ಗೊಣಗುತ್ತಲೇ ಕೊಂಡ. ಗಾಳಿಯನ್ನು ಬೆನ್ನಿಗೆ ಹಾಕಿ ನಿಲ್ಲುತ್ತಿದ್ದ. ಅಚ್ಚನ್ನೂ ಸೌಟನ್ನೂ ಬಿಸಿಗೆ ಹಿಡಿದು ಪಸೆ ಹೋಗಿದೆಯೇ ಎಂದು ನೋಡಿದ ಮೇಲೆಯೇ ಎರೆಯುತ್ತಿದ್ದ. ತಿರುಗುವ ಅಚ್ಚಿನಿಂದ ಸಿಡಿದೀತೆಂದು ಸುತ್ತಲೂ ಕಬ್ಬಿಣದ ಡ್ರಮ್ಮಿನ ಪಟ್ಟಿ ಕಟ್ಟಿದ್ದ. ಕಣ್ಣಿಗೆ ವೆಲ್ಡಿಂಗಿನವರ ಕನ್ನಡಕ, ಕೈಗೆ ಚರ್ಮದ ಕೈಗವಸು, ಕಾಲಿಗೆ ಬೂಟು. ಅಲ್ಲಿ ಬೀಡಿಯಿರಲಿಲ್ಲ, ಬುತ್ತಿಯಿರಲಿಲ್ಲ.

ಸಂಜೆ ಬಂದರೆ ಹಿತ್ತಲ ಬಾಗಿಲಲ್ಲಿ ಲಗಮವ್ವ ಕೂತಿರುತ್ತಿದ್ದಳು. "ಅಲ್ಲೇ ನಿಂದರು. ಅಂಗಿ ಕಳಿ. ಸಾಬಾಣ ಹಚ್ಚು. ಮೊಣಕೈ ತನಕ ಹಚ್ಚಲೇ."

ಓದುತ್ತಿರುವ ಅಣ್ಣ, ಅಕ್ಕ, ಈ ಮಾತು ನಿಮಗೆ. ಮೀನಿನ ಗಾಳವಾಗಲಿ, ಬಲೆಯ ಗುಂಡಾಗಲಿ, ಲೋಹ ಎರೆಯುವ ಕೆಲಸ ಶುರು ಮಾಡುವವರಿದ್ದರೆ ಮೊದಲು ಜಾಗ ನೋಡಿ. ಮನೆಯೊಳಗೆ ಬೇಡ, ಅಡುಗೆಯ ಒಲೆಯಲ್ಲಿ ಬೇಡ, ಅಡುಗೆಯ ಪಾತ್ರೆಯಲ್ಲಂತೂ ಬೇಡವೇ ಬೇಡ. ಹಳೆಯ ಬ್ಯಾಟರಿಯನ್ನು ಮನೆಯಲ್ಲಿ ಒಡೆಯಬೇಡಿ. ಬಸಿರಿಯರು, ಮಕ್ಕಳು, ದನಕರುಗಳು ಹತ್ತಿರ ಸುಳಿಯದಿರಲಿ. ಕಾದ ಲೋಹದ ಬಳಿ ನೀರು ತರಬೇಡಿ. ಕಿಟ್ಟವನ್ನು ತಿಪ್ಪೆಗೆ ಚೆಲ್ಲಬೇಡಿ.

ನಿಮ್ಮ ಓಣಿಯಲ್ಲಿ ಯಾರಾದರೂ ಮುಚ್ಚಿದ ಕೋಣೆಯಲ್ಲಿ ಸೀಸ ಕರಗಿಸುತ್ತಿದ್ದರೆ ಹೋಗಿ ಹೇಳಿ. ಅವರು ನಕ್ಕರೆ ನಗಲಿ. ನಗುವಾಗ ಅವರ ವಸಡು ನೋಡಿ. ಗೆರೆ ಕಾಣದಿದ್ದರೂ ಸುಮ್ಮನೆ ಬರಬೇಡಿ. ಎಲ್ಲರಿಗೂ ಗೆರೆ ಮೂಡುವುದಿಲ್ಲ. ಹೊಟ್ಟೆನೋವು, ಮರೆವು, ಜೋತುಬೀಳುವ ಕೈ, ಇವುಗಳಲ್ಲಿ ಯಾವುದಿದ್ದರೂ ಅವರನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಬಸ್ಸು ಬೆಳಿಗ್ಗೆ ಇದ್ದರೆ ಬೆಳಿಗ್ಗೆಯೇ ಹೊರಡಿ. ಸಂತೆ ಮುಗಿಯಲಿ, ಹಬ್ಬ ಮುಗಿಯಲಿ ಅನ್ನಬೇಡಿ.